ಎತ್ತಿದ ಬಾನೆಟ್ಟಿನ ಆಚೆ

ಹಾಳುಬಾವಿಯ ಹತ್ತಿರ ಬರುವಾಗ ಕರೆಂಟು ಹೋಯಿತು.

ಬೀದಿದೀಪ ಆರಿದ್ದು ದೊಡ್ಡ ವಿಷಯವಲ್ಲ. ಮಗ್ಗಗಳು ನಿಂತವು. ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಬಾಳಿದವರಿಗೆ ಮಾತ್ರ ಅದು ಹೇಗಿರುತ್ತದೆಂದು ಗೊತ್ತು. ಹಗಲೂ ರಾತ್ರಿ ಟಕಟಕ, ಟಕಟಕ... ಗೋಡೆ ನಡುಗುತ್ತದೆ, ಲೋಟದ ನೀರು ನಡುಗುತ್ತದೆ, ಮಲಗಿದವರ ಹಲ್ಲೂ ಸಣ್ಣಗೆ ನಡುಗುತ್ತದೆ. ಇರುವಷ್ಟು ಹೊತ್ತು ಆ ಸದ್ದು ಯಾರಿಗೂ ಕೇಳಿಸುವುದಿಲ್ಲ. ನಿಂತಾಗಲೇ ಕೇಳಿಸುವುದು.

ಬನಶಂಕರಿ ಅಲ್ಲೇ ನಿಂತಳು. ನಮ್ಮ ಹಿಂದಿನ ಬೀದಿಯವಳು. ಸಾಹುಕಾರರ ಮಗ್ಗದ ಶೆಡ್ಡಿನಲ್ಲಿ ನೂಲಿನ ಕಂಡಿಕೆ ಸುತ್ತುವ ಕೆಲಸ ಮುಗಿಸಿ ನಡುರಾತ್ರಿ ಕಳೆದ ಮೇಲೆ ಮನೆಗೆ ಹೊರಟಿದ್ದಳು. ಗಂಡ ಹೋದ ಮೇಲೆ ಅವಳಾಗಿಯೇ ಕೇಳಿ ರಾತ್ರಿ ಪಾಳಿ ಹಾಕಿಸಿಕೊಂಡಿದ್ದಳು. ರಾತ್ರಿ ಮನೆಯಲ್ಲಿ ಇರುವುದು ಅವಳಿಂದ ಆಗುತ್ತಿರಲಿಲ್ಲ.

ಬಾವಿಯ ಕಡೆ ನೋಡದೆ ದಾಟುವುದು ಅವಳ ಅಭ್ಯಾಸವಾಗಿತ್ತು. ಗಂಡನ ಕರ್ಮದ ದಿನ ಅವಳ ಅತ್ತೆ ಅಮ್ಮಯಮ್ಮ ಸೊಸೆಯ ಒಡೆದ ಬಳೆ, ಮುಡಿಯಿಂದ ತೆಗೆದ ಹೂವು, ಗೂಡಿನಲ್ಲಿದ್ದ ಉಗುರುಬಣ್ಣದ ಸೀಸೆ, ಎಲ್ಲವನ್ನೂ ಹಳೆಯ ಕುಪ್ಪಸದ ಬಟ್ಟೆಯಲ್ಲಿ ಗಂಟು ಕಟ್ಟಿ, ಒಂದು ಕಲ್ಲೂ ಸೇರಿಸಿ, ಅದೇ ಬಾವಿಗೆ ಎಸೆದಿದ್ದಳು. ಗಂಟು ಬಿದ್ದ ಸದ್ದು ಬರಲು ತುಂಬ ಹೊತ್ತು ಹಿಡಿದಿತ್ತು. ಗುಳುಂ... ಅಷ್ಟೇ.

ಆ ರಾತ್ರಿ ಗಾಳಿ ಇರಲಿಲ್ಲ. ದೂರದಲ್ಲಿ ಯಾರೋ ಕೆಮ್ಮಿದರು. ಅದೂ ನಿಂತಿತು.

ಆಗ...

ಟಣ್.

ಕಬ್ಬಿಣದ ಮೇಲೆ ಕಬ್ಬಿಣ. ಒಂದೇ ಸಲ. ಮೆಲ್ಲಗೆ.

ಸದ್ದು ಬಂದದ್ದು ಬಾವಿಯ ಆಚೆಗಿದ್ದ, ಬೀಗ ಹಾಕಿದ ಅವರದೇ ಗ್ಯಾರೇಜಿನ ಒಳಗಿಂದ. ಬೀಗದ ಕೈ ಅವಳ ಸೊಂಟದಲ್ಲಿತ್ತು.

*

ಕೆಂಪರಾಜ್ ಎಂದರೆ ಅವಳ ಗಂಡ. ನೇಕಾರರ ಮನೆಯಲ್ಲಿ ಹುಟ್ಟಿ ಮಗ್ಗ ಮುಟ್ಟದವನು. ಬೆಂಗಳೂರಿನ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಕಲಿತು, ಊರಿಗೆ ಬಂದು, ಮನೆಗೆ ಅಂಟಿದ ಹಳೆಯ ಮಗ್ಗದ ಶೆಡ್ಡನ್ನೇ ಗ್ಯಾರೇಜು ಮಾಡಿಕೊಂಡಿದ್ದ. ಆಗಷ್ಟೇ ಕಾರುಗಳಿಗೆ ಕಾರ್ಬ್ಯುರೇಟರ್ ಹೋಗಿ ಇಂಜಿನ್ನಿಗೆ ಪೆಟ್ರೋಲು ಚಿಮ್ಮಿಸುವ ಇಂಜೆಕ್ಷನ್ ಬರುತ್ತಿದ್ದ ಕಾಲ, ತೊಂಬತ್ತೆಂಟರ ಬೇಸಿಗೆ. ನಮ್ಮ ಊರಿನಲ್ಲಿ ಅಂಥ ಕಾರು ಇದ್ದದ್ದು ಹೆರಿಗೆ ಡಾಕ್ಟರ್ ಲಕ್ಷ್ಮೀದೇವಮ್ಮನವರ ಬಳಿ. ಬಿಳಿಯ ಕಾರು. ರಾತ್ರಿಯೆಲ್ಲ ಹಳ್ಳಿಗಳಿಗೆ ತಾವೇ ಓಡಿಸಿಕೊಂಡು ಹೋಗುತ್ತಿದ್ದರು.

ಆ ಕಾರಿಗೆ ಒಂದು ರೋಗ ಬಂದಿತ್ತು. ಆಕ್ಸಿಲರೇಟರ್ ಪೆಡಲಿನಿಂದ ಕಾಲು ತೆಗೆದರೆ ಸಾಕು, ಇಂಜಿನ್ನು ಉಬ್ಬಸ ಬಂದವರ ಹಾಗೆ ಏರಿ ಇಳಿಯುತ್ತಿತ್ತು. ವ್ರೂಂ... ವ್ರು... ವ್ರೂಂ... ಆಮೇಲೆ ಒಂದು ನಡುಕ, ಆರಿಹೋಗುತ್ತಿತ್ತು. ಇಂಜಿನ್ನಿಗೆ ಗಾಳಿ ಹೋಗುವ ಬಾಯಿಯ ಪಕ್ಕದಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಕಪ್ಪು ಡಬ್ಬಿಯೊಂದು ಇರುತ್ತದೆ. ಥ್ರಾಟಲ್ ಸೆನ್ಸರ್. ಓಡಿಸುವವರ ಕಾಲು ಎಷ್ಟು ಒತ್ತಿದೆ, ಯಾವಾಗ ಪೂರ್ತಿ ತೆಗೆದಿದೆ ಎಂದು ಇಂಜಿನ್ನಿಗೆ ಹೇಳುವುದು ಅದರ ಕೆಲಸ. ಅದು ತಪ್ಪು ಹೇಳಿದರೆ ಇಂಜಿನ್ನು ಗೊಂದಲಕ್ಕೆ ಬೀಳುತ್ತದೆ. ಕೆಂಪರಾಜ್ ಹೊಸ ಸೆನ್ಸರ್ ತಂದು ಹಾಕಿದ. ಹಾಕಿದರೆ ಸಾಲದು. ಎರಡು ಸ್ಕ್ರೂ ಸಡಿಲಿಸಿ, ಡಬ್ಬಿಯನ್ನು ಕೂದಲೆಳೆಯಷ್ಟು ಆಚೆಗೆ, ಕೂದಲೆಳೆಯಷ್ಟು ಈಚೆಗೆ ತಿರುಗಿಸಬೇಕು. ಪೆಡಲು ಅಲುಗಿದ ಆ ಕ್ಷಣಕ್ಕೇ ಡಬ್ಬಿಯ ಒಳಗೆ ಒಂದು ಸದ್ದು ಬರಬೇಕು.

ಟಿಕ್.

ಗೋಡೆಯ ಮೇಲಿನ ಹಲ್ಲಿ ಬಾಯಿ ಮುಚ್ಚಿದಷ್ಟು ಸಣ್ಣ ಸದ್ದು.

ಸುತ್ತ ಇಷ್ಟು ಮಗ್ಗಗಳು ಬಡಿಯುತ್ತಿರುವಾಗ ಅದು ಕೇಳಿಸುವುದು ಹೇಗೆ? ಮೀಟರು ಇತ್ತು. ಆದರೆ ಅವನು ಕಿವಿಯಿಂದಲೂ ಕೇಳಿದ ಮೇಲೇ ಸ್ಕ್ರೂ ಬಿಗಿಯುತ್ತಿದ್ದವನು. ಆದ್ದರಿಂದ ಈ ಕೆಲಸವನ್ನು ಕರೆಂಟು ಹೋದಾಗ ಇಟ್ಟುಕೊಳ್ಳುತ್ತಿದ್ದ. ಊರೆಲ್ಲ ಕರೆಂಟಿಗೆ ಶಾಪ ಹಾಕುತ್ತ ಬಾಗಿಲ ಮುಂದೆ ಕುಳಿತಿರುವಾಗ ಅವನು ಒಬ್ಬನೇ ಖುಷಿಯಿಂದ ಕೂಗುತ್ತಿದ್ದ.

"ಬನೂ, ಹೋಯ್ತು ಕಣೇ! ಬಾ, ಕೂತ್ಕೋ!"

ಅವಳು ಸೀರೆಯ ನೆರಿಗೆ ಎತ್ತಿಕೊಂಡು ಡ್ರೈವರ್ ಸೀಟಿನಲ್ಲಿ ಕೂರಬೇಕು. ಪೆಡಲಿನ ಮೇಲೆ ಬರಿಗಾಲು. ಅವನು ಎತ್ತಿದ ಬಾನೆಟ್ಟಿನ ಆಚೆ. ಒಂದು ಕೈ ಸೆನ್ಸರಿನ ಮೇಲೆ, ಒಂದು ಕೈಯಲ್ಲಿ ಸ್ಕ್ರೂಡ್ರೈವರು, ಬ್ಯಾಟರಿ ಟಾರ್ಚು ಹಿಡಿಯಲು ಮೂರನೆಯ ಕೈ ಇಲ್ಲ. ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದ. ಬಾಯಲ್ಲಿ ಬ್ಯಾಟರಿ ಇದ್ದರೆ ಮಾತು ಬರುವುದಿಲ್ಲವಲ್ಲ. ಅದಕ್ಕೇ ಸ್ಕ್ರೂಡ್ರೈವರಿನಿಂದ ಕಾರಿನ ಅಂಚಿಗೆ ತಟ್ಟುತ್ತಿದ್ದ. ಒಂದು ಸಲ ತಟ್ಟಿದರೆ ಒತ್ತಬೇಕು. ಎರಡು ಸಲ ತಟ್ಟಿದರೆ ಕಾಲು ತೆಗೆಯಬೇಕು. ಮೂರು ಸಲ ತಟ್ಟಿದರೆ ಕೆಲಸ ಮುಗಿಯಿತು.

ಅವಳು ಜೋರಾಗಿ ಒತ್ತಿದರೆ ಬ್ಯಾಟರಿಯನ್ನು ಬಾಯಿಂದ ತೆಗೆದು ಕೇಳುತ್ತಿದ್ದ. "ಅದು ಕಾಲಾ, ಒನಕೆನಾ?"

"ಒನಕೇನೇ. ಹೊರಗ್ ಬನ್ನಿ, ತೋರಿಸ್ತೀನಿ."

"ಮೆಲ್ಲಗ್ ಒತ್ತೇ. ಮಗು ಕೆನ್ನೆ ಮುಟ್ಟೋ ಹಂಗೆ."

"ಮೊದ್ಲು ಮಗು ಆಗ್ಲಿ, ಆಮೇಲೆ ಕೆನ್ನೆ ಮುಟ್ಟೋಣ. ಸಾರು ಹಳಸೋಗುತ್ತೆ, ಬೇಗ ಮುಗಿಸ್ರೀ."

ಸ್ಕ್ರೂ ಬಿಗಿದಾದ ಮೇಲೆ ಯಾರೂ ಅದನ್ನು ಮುಟ್ಟಬಾರದೆಂದು ಎರಡರ ತಲೆಗೂ ಅವಳ ಉಗುರುಬಣ್ಣ ಹಚ್ಚುತ್ತಿದ್ದ. ಕಡುಗೆಂಪು. ಜಾತ್ರೆಯಲ್ಲಿ ಅವನೇ ಕೊಡಿಸಿದ್ದು. ಅವಳ ಉಗುರಿಗಿಂತ ಊರಿನ ಇಂಜಿನ್ನುಗಳ ಮೇಲೇ ಅದು ಹೆಚ್ಚು ಖರ್ಚಾಯಿತೆಂದು ಅವಳು ಜಗಳ ತೆಗೆಯುತ್ತಿದ್ದಳು. ಆಮೇಲೆ ಬಾನೆಟ್ಟು ಇಳಿಸಿ, ಎರಡೂ ಅಂಗೈ ಊರಿ ಒತ್ತುತ್ತಿದ್ದ. ಕ್ಳಕ್. ಬ್ಯಾಟರಿ ಆಗ ಬಾಯಿಂದ ಈಚೆ ಬರುತ್ತಿತ್ತು. ಆಗ ಮಾತು. ಅಷ್ಟು ಹೊತ್ತಿನ ಮಾತೆಲ್ಲ ಒಟ್ಟಿಗೇ.

ಡಾಕ್ಟರಮ್ಮನ ಕಾರಿನ ಕೆಲಸ ಅರ್ಧಕ್ಕೆ ನಿಂತಿತು. ಆ ರಾತ್ರಿ ಬನಶಂಕರಿಗೆ ನಿದ್ದೆ ಒತ್ತಿಕೊಂಡು ಬರುತ್ತಿತ್ತು. "ಇವತ್ತಿಗೆ ಸಾಕ್ರೀ, ನಾಳೆ ನೋಡ್ಕೊಳ್ಳೋಣ" ಎಂದಳು. ಅಷ್ಟರಲ್ಲಿ ಕರೆಂಟೂ ಬಂತು, ಮಗ್ಗಗಳು ಎದ್ದವು. ಅವನು ಸ್ಕ್ರೂಗಳನ್ನು ಸುಮ್ಮನೆ ತಾಗಿಸಿ ಬಿಟ್ಟು ಎದ್ದ.

ಬೆಳಿಗ್ಗೆ ಸೋಂಪುರದ ಫ್ಯಾಕ್ಟರಿಯೊಂದರಲ್ಲಿ ನಿಂತುಹೋದ ವ್ಯಾನು ನೋಡಲು ಬೈಕಿನಲ್ಲಿ ಹೋದ. ದಾಬಸ್‌ಪೇಟೆಯ ಹತ್ತಿರ, ಹೆದ್ದಾರಿಯಲ್ಲಿ, ಲಾರಿ. ಅದರ ಬಗ್ಗೆ ಹೆಚ್ಚು ಹೇಳುವುದು ಬೇಡ. ಮನೆಗೆ ತಂದಾಗ ಮುಖ ಸರಿಯಾಗಿಯೇ ಇತ್ತು.

*

ಟಣ್.

ಎರಡನೆಯ ಸಲ ಕೇಳಿಸಿದಾಗ ಬನಶಂಕರಿ ಗ್ಯಾರೇಜಿನ ಬೀಗ ತೆಗೆದಿದ್ದಳು. ಹೆದರಿಕೆ ಆಗಲಿಲ್ಲವೇ ಎಂದು ಆಮೇಲೆ ಎಷ್ಟೋ ಜನ ಕೇಳಿದರು. ಕಳ್ಳನಿದ್ದರೆ ಹೆದರುತ್ತಿದ್ದೆ ಎಂದಳು.

ಒಳಗೆ ಕತ್ತಲು. ಪೆಟ್ರೋಲಿನ ವಾಸನೆ. ಬಿಳಿಯ ಕಾರು ಮಂಕಾಗಿ ಕಾಣುತ್ತಿತ್ತು. ಅದರ ಬಾನೆಟ್ಟು ಎತ್ತಿತ್ತು. ಅವನು ಹೋದಂದಿನಿಂದ ಅದು ಮುಚ್ಚಿಯೇ ಇತ್ತು, ಅವಳೇ ದಿನಾ ಮೇಲಿನ ಧೂಳು ಒರೆಸುತ್ತಿದ್ದವಳು. ಬಾನೆಟ್ಟಿನ ಆಚೆಯಿಂದ ಗೋಡೆಯ ಮೇಲೆ ಹಳದಿ ಬೆಳಕು ಬಿದ್ದಿತ್ತು. ಸಣ್ಣಗೆ ಅಲ್ಲಾಡುತ್ತಿತ್ತು. ಉಸಿರಾಡುವವರ ಹಲ್ಲಿನಲ್ಲಿ ಬ್ಯಾಟರಿ ಇದ್ದರೆ ಅಲ್ಲಾಡುವ ಹಾಗೆ.

"ಯಾರು...?" ಎಂದಳು.

ಟಣ್.

ಅವಳು ಬಾಗಿಲು ತೆಗೆದು ಸೀಟಿನಲ್ಲಿ ಕುಳಿತಳು. ನೆರಿಗೆ ಎತ್ತಿಕೊಂಡಳು. ಚಪ್ಪಲಿ ಬಿಟ್ಟಳು. ಪೆಡಲು ತಣ್ಣಗಿತ್ತು. ಒತ್ತಿದಳು.

ಟಿಕ್... ತಡವಾಗಿ ಬಂತು.

ಟಣ್, ಟಣ್. ಕಾಲು ತೆಗೆದಳು.

ಬಾನೆಟ್ಟಿನ ಬುಡಕ್ಕೂ ಗಾಜಿಗೂ ನಡುವೆ ಎರಡು ಬೆರಳಿನಷ್ಟು ಸಂದು ಇರುತ್ತದೆ. ಅವಳು ಬಗ್ಗಿ ಆ ಸಂದಿನಲ್ಲಿ ನೋಡಿದಳು. ಹಳದಿ ಬೆಳಕಿನಲ್ಲಿ ಒಂದು ಕೈ ಕಂಡಿತು. ಹೆಬ್ಬೆರಳಿನ ಉಗುರು ಕಪ್ಪಗಿತ್ತು. ಯುಗಾದಿಯ ಹಿಂದಿನ ದಿನ ಸುತ್ತಿಗೆ ಬಿದ್ದು ಕಪ್ಪಾದ ಉಗುರು. ಅದಕ್ಕೆ ಅರಿಶಿನ ಹಚ್ಚಿ ಬಟ್ಟೆ ಸುತ್ತಿದವಳು ಅವಳೇ.

"ರೀ" ಎಂದು ಬಾಗಿಲು ತಳ್ಳಿ ಇಳಿದಳು.

ಬೆಳಕು ಆರಿತು. ಬಾನೆಟ್ಟಿನ ಮುಂದೆ ಹೋಗಿ ಕೈಯಾಡಿಸಿದರೆ ಗೋಡೆ, ಹಳೆಯ ಟಯರು, ಜೇಡರ ಬಲೆ. ಎಷ್ಟು ಕರೆದರೂ ಆ ರಾತ್ರಿ ಮತ್ತೆ ಸದ್ದು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಕರೆಂಟು ಬಂತು.

ಇಳಿಯಬಾರದು ಎಂದು ಅವಳು ಕಲಿತದ್ದು ಹಾಗೆ.

*

ಆಮೇಲೆ ಕರೆಂಟು ಹೋದಾಗಲೆಲ್ಲ ಅವಳು ಕಂಡಿಕೆ ಬಿಟ್ಟು ಓಡಿಬರುತ್ತಿದ್ದಳು. ಆ ಬೇಸಿಗೆ ಕರೆಂಟು ಬಹಳ ಹೋಗುತ್ತಿತ್ತು. ಇಡೀ ಬೀದಿ ಬೈಯುತ್ತಿತ್ತು. ಅವಳು ಮಾತ್ರ ಬಲ್ಬಿನ ಕಡೆ ನೋಡುತ್ತ ಕುಳಿತಿರುತ್ತಿದ್ದಳು, ಯಾವಾಗ ಆರುತ್ತದೋ ಎಂದು.

ಟಣ್. ಒತ್ತುವಳು. ಟಿಕ್. ಟಣ್, ಟಣ್. ತೆಗೆಯುವಳು.

ಒಂದು ರಾತ್ರಿ ಟಿಕ್ ಸದ್ದು ಬೇಗ ಬಂತು. ಪೆಡಲು ಅಲುಗಿದೊಡನೆ, ಬಹುತೇಕ ಸರಿಯಾದ ಜಾಗದಲ್ಲೇ. ಆಚೆಯಿಂದ "ಹ್ಞೂಂ..." ಎಂದು ಕೇಳಿಸಿತು. ಬ್ಯಾಟರಿ ಕಚ್ಚಿಕೊಂಡು ಅವನು ಮೂಗಿನಲ್ಲಿ ಒಪ್ಪಿಗೆ ಹೇಳುವ ರೀತಿ ಅದು. ಸ್ಕ್ರೂ ತಿರುಗುವ ಸದ್ದು ಬಂತು. ಕಿರ್ರ್...

ಬನಶಂಕರಿ ಪೆಡಲಿನ ಮೇಲಿದ್ದ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

ಸರಿಯಾದರೆ ಅವನು ಸ್ಕ್ರೂ ಬಿಗಿಯುತ್ತಾನೆ. ಬಿಗಿದರೆ ಮೂರು ಸಲ ತಟ್ಟುತ್ತಾನೆ. ತಟ್ಟಿ ಬಾನೆಟ್ಟು ಇಳಿಸುತ್ತಾನೆ. ಇಳಿಸಿದ ಮೇಲೆ ಇಲ್ಲಿ ಅವನಿಗೆ ಏನು ಕೆಲಸ?

ಮುಂದಿನ ಟಣ್‌ಗೆ ಅವಳು ಪೆಡಲನ್ನು ತಳ ಮುಟ್ಟುವಂತೆ ತುಳಿದಳು. ಒನಕೆಯ ಹಾಗೆ.

ಕಿರ್ರ್ ನಿಂತಿತು. ಆಚೆ ಸ್ವಲ್ಪ ಹೊತ್ತು ಏನೂ ಇಲ್ಲ. ಅವನು ಬ್ಯಾಟರಿ ತೆಗೆದು ಬೈಯುತ್ತಾನೇನೋ ಎಂದು ಅವಳು ಕಾದಳು. ಬೈಯಲಿ ಎಂದೇ ಕಾದಳು. ಅವನು ಬೈಯಲಿಲ್ಲ. ಸ್ಕ್ರೂ ಮತ್ತೆ ಸಡಿಲವಾದ ಸದ್ದು. ಮೊದಲಿನಿಂದ.

ಟಣ್.

ಅಂದಿನಿಂದ ಅವಳು ಬೇಕೆಂದೇ ತಪ್ಪು ಒತ್ತತೊಡಗಿದಳು. ಬದುಕಿದ್ದಾಗ ಬೇಗ ಮುಗಿಸಿ ಎಂದು ಗೋಳುಗುಟ್ಟುತ್ತಿದ್ದವಳು ಈಗ ಮುಗಿಯದ ಹಾಗೆ ನೋಡಿಕೊಂಡಳು. ಒಮ್ಮೆ ಜೋರು, ಒಮ್ಮೆ ತಡ, ಒಮ್ಮೆ ಕಾಲನ್ನೇ ಇಡುತ್ತಿರಲಿಲ್ಲ. ಆಚೆಯವನು ಬೇಸರವಿಲ್ಲದೆ ಮತ್ತೆ ಮತ್ತೆ ತಟ್ಟುತ್ತಿದ್ದ. ಅಷ್ಟು ತಾಳ್ಮೆ ಅವನಿಗೆ ಬದುಕಿದ್ದಾಗ ಇರಲಿಲ್ಲ. ಅದನ್ನು ನೆನೆದು ಅವಳು ಸ್ಟೀರಿಂಗಿಗೆ ಹಣೆ ಹಚ್ಚಿ, ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಅಳುವಿನ ಸದ್ದಿಗೆ ಅವನಿಗೆ ಟಿಕ್ ಕೇಳಿಸದೆ ಹೋಗಬಾರದಲ್ಲ ಎಂದು.

ಡಾಕ್ಟರಮ್ಮ ಒಂದೆರಡು ಸಲ ಬಂದರು. ಒತ್ತಾಯ ಮಾಡುವ ಹೆಂಗಸಲ್ಲ. "ಅವಸರ ಇಲ್ಲಮ್ಮ. ಬೆಂಗಳೂರಿಂದ ಮೆಕ್ಯಾನಿಕ್ ಕರೆಸ್ಲಾ?" ಎಂದರು.

"ಒಂದು ಸಾಮಾನು ಬರ್ಬೇಕು ಡಾಕ್ಟ್ರಮ್ಮ. ಅವ್ರು ಹೇಳಿಟ್ಟಿದ್ರು. ಬಂದ್ಮೇಲೆ ನಾನೇ ಹೇಳಿಕಳಿಸ್ತೀನಿ."

ಸುಳ್ಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಣ್ಣು, ಕಣ್ಣು ನೆಲದ ಮೇಲಿತ್ತು. ಡಾಕ್ಟರಮ್ಮನಿಗೆ ತಿಳಿಯದೆ ಇರುತ್ತದೆಯೇ? ಅವರು ಕಾಂಪೌಂಡರನ ಸ್ಕೂಟರಿನ ಹಿಂದೆ ಕುಳಿತು ಹೋದರು.

ಅತ್ತೆಗೂ ತಿಳಿಯಿತು. ಒಂದು ರಾತ್ರಿ ಬನಶಂಕರಿ ಪೆಡಲಿನ ಮೇಲೆ ಕಾಲಿಟ್ಟು ಕುಳಿತಿರುವಾಗ ಕಾರಿನ ಕಿಟಕಿಯ ಬಳಿ ಉಸಿರಾಟ ಕೇಳಿಸಿತು. ಅಮ್ಮಯಮ್ಮ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ಟಣ್, ಟಣ್.

ಮುದುಕಿ ಕಿಟಕಿಯ ಅಂಚು ಹಿಡಿದಳು. ಪಿಸುಗುಟ್ಟಿದಳು.

"ಅವನೇನಾ?"

"ಹೂಂ ಅತ್ತೆ."

"ಮಾತಾಡ್ತಾನಾ?"

"ಇಲ್ಲ... ಬಾಯಲ್ಲಿ ಬ್ಯಾಟ್ರಿ ಐತೆ."

ಅಮ್ಮಯಮ್ಮ ಬಾನೆಟ್ಟಿನ ಕಡೆ ಕತ್ತು ಚಾಚಿದಳು. ಗೋಡೆಯ ಮೇಲೆ ಬೆಳಕು ಅಲ್ಲಾಡುತ್ತಿತ್ತು.

"ತೆಗ್ದು ಒಂದ್ ಮಾತಾಡು ಅನ್ನೇ."

"ಕೆಲ್ಸ ಮುಗಿಯೋಗಂಟ ತೆಗೆಯಲ್ಲ ಅತ್ತೆ. ನಿಮ್ಗೂ ಗೊತ್ತಲ್ಲ."

"ಮುಗೀಲಿ ಬಿಡು ಮತ್ತೆ."

"ಮುಗಿದ್ರೆ ಹೋಗ್ಬಿಡ್ತಾರೆ."

ಮುದುಕಿ ಕಾರಿನ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಳು. ಕರೆಂಟು ಬರುವವರೆಗೆ ಸೊಸೆ ಒಳಗೆ, ಅತ್ತೆ ಹೊರಗೆ. ಕರ್ಮದ ದಿನದಿಂದ ಅವರಿಬ್ಬರ ನಡುವೆ ಬೇಕಾದಷ್ಟೇ ಮಾತಿತ್ತು. ಆ ರಾತ್ರಿ ಮನೆಯೊಳಗೆ ಹೋಗುವಾಗ ಅಮ್ಮಯಮ್ಮ ಸೊಸೆಯ ಬೋಳು ಕೈ ಹಿಡಿದುಕೊಂಡು ಹೋದಳು.

*

ಕುಂದಾಣದಿಂದ ಫೋನು ಬಂದದ್ದು ಅಮಾವಾಸ್ಯೆಯ ರಾತ್ರಿ.

ಕೆಂಪರಾಜನ ತಂಗಿ ಪದ್ಮಶ್ರೀಯನ್ನು ಕುಂದಾಣಕ್ಕೆ ಕೊಟ್ಟಿತ್ತು. ಚೊಚ್ಚಲ ಬಸುರಿ. ತವರಿನಲ್ಲಿ ಸಾವಾಗಿದೆಯೆಂದು ಬಾಣಂತನಕ್ಕೆ ಕರೆದುಕೊಂಡು ಬಂದಿರಲಿಲ್ಲ. ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡು ರಕ್ತ ಹೋಗುತ್ತಿತ್ತು. ಅವಳ ಗಂಡ ಶಶಿಕುಮಾರ್ ಡಾಕ್ಟರಮ್ಮನ ಮನೆಗೆ ಫೋನು ಮಾಡಿದ. ಊರಿನಲ್ಲಿ ಗಾಡಿ ಇಲ್ಲ, ಎತ್ತಿನ ಗಾಡಿಯಲ್ಲಿ ತರುವ ಸ್ಥಿತಿ ಇಲ್ಲ ಎಂದು ಅತ್ತ. ಕಾಂಪೌಂಡರ್ ಸ್ಕೂಟರಿನೊಂದಿಗೆ ತನ್ನ ಊರಿಗೆ ಹೋಗಿದ್ದ.

ಕರೆಂಟು ಹೋಗಿತ್ತು. ಬನಶಂಕರಿ ಸೀಟಿನಲ್ಲಿದ್ದಳು, ಅಮ್ಮಯಮ್ಮ ನೆಲದ ಮೇಲಿದ್ದಳು. ಬೀದಿಯಲ್ಲಿ ಚಪ್ಪಲಿಯ ಸದ್ದು ಓಡಿಬಂತು. ಗೋಡೆಯ ಮೇಲಿನ ಬೆಳಕು ಆರಿತು. ಡಾಕ್ಟರಮ್ಮ ಬಾಗಿಲಲ್ಲೇ ನಿಂತು ಏದುಸಿರಿನಲ್ಲಿ ಎಲ್ಲ ಹೇಳಿದರು.

"ಕಾರು ಕೊಡಮ್ಮ ಬನಶಂಕರಿ. ಹೇಗಿದ್ರೆ ಹಾಗೆ ಕೊಡು."

"ಕಾಲ್ ತೆಗೆದ್ರೆ ಆರೋಗುತ್ತೆ ಡಾಕ್ಟ್ರಮ್ಮ."

"ಗೊತ್ತು. ಅಲ್ಲಿ ರಸ್ತೆ ತುಂಬ ಹಳ್ಳ. ಪ್ರತಿ ಹಳ್ಳಕ್ಕೂ ಆರಿಹೋದ್ರೆ... ನಿನ್ನ ನಾದಿನಿ ಕಣಮ್ಮ. ನಾನು ಚೀಲ ತಗೊಂಡು ಬರ್ತೀನಿ. ಅಷ್ಟರಲ್ಲಿ ಕಾರು ಹೊರಗಿರ್ಲಿ."

ಚಪ್ಪಲಿಯ ಸದ್ದು ದೂರವಾಯಿತು.

ಕತ್ತಲಲ್ಲಿ ಅತ್ತೆ ಸೊಸೆ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ.

"ಅತ್ತೆ, ನೀವ್ ಹೇಳಿ" ಎಂದಳು ಬನಶಂಕರಿ.

"ನಾನೇನ್ ಹೇಳ್ಲೇ. ಅವ್ನೂ ನನ್ ಹೊಟ್ಟೇಲೇ ಹುಟ್ಟಿದ್ದು. ಅವ್ಳೂ ನನ್ ಹೊಟ್ಟೇಲೇ ಹುಟ್ಟಿದ್ದು."

ಅಷ್ಟು ಹೇಳಿ ಅಮ್ಮಯಮ್ಮ ಗೋಡೆ ಹಿಡಿದು ಎದ್ದಳು. ಬಾನೆಟ್ಟಿನ ಕಡೆ ಹೋಗಲಿಲ್ಲ. ದೂರದಿಂದಲೇ, ಮಲಗಿದ ಮಗುವನ್ನು ಎಬ್ಬಿಸುವವಳ ಹಾಗೆ ಕರೆದಳು.

"ಕೆಂಪಾ... ಪದ್ದಿ ಕಣಪ್ಪಾ. ನಿನ್ ತಂಗಿ..."

ಏನೂ ಇಲ್ಲ.

ಆಮೇಲೆ ಹಳದಿ ಬೆಳಕು ಬಂತು. ಈ ಸಲ ಅದು ಅಲ್ಲಾಡುತ್ತಿರಲಿಲ್ಲ.

ಟಣ್.

ಬನಶಂಕರಿ ಕಣ್ಣು ಮುಚ್ಚಿಕೊಂಡಳು. ಬರಿಗಾಲಿನ ಹೆಬ್ಬೆರಳನ್ನು ಪೆಡಲಿನ ಮೇಲಿಟ್ಟಳು. ಮಗುವಿನ ಕೆನ್ನೆ ಮುಟ್ಟುವ ಹಾಗೆ. ಅವರಿಗೆ ಮಗು ಆಗಲಿಲ್ಲ.

ಟಿಕ್... ತುಸು ತಡ.

ಟಣ್, ಟಣ್. ತೆಗೆದಳು. ಆಚೆ ಏನೋ ಕೂದಲೆಳೆಯಷ್ಟು ಜರುಗಿತು.

ಟಣ್. ಒತ್ತಿದಳು.

ಟಿಕ್. ಕಾಲು ಅಲುಗಿತೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಸದ್ದು ಮಾತ್ರ ಬಂದಿತ್ತು.

"ಹ್ಞೂಂ..."

ಕಿರ್ರ್. ಒಂದು ಸ್ಕ್ರೂ. ಈಗ ಒಂದು ಸಲ ತುಳಿದರೆ ಸಾಕು ಎಂದು ಅವಳಿಗೆ ಗೊತ್ತಿತ್ತು. ಕಾಲಿನ ನರವೆಲ್ಲ ಎಳೆಯುತ್ತಿತ್ತು. ಆ ಕಾಲನ್ನು ಅವಳು ಎರಡೂ ಕೈಗಳಿಂದ ಹಿಡಿದುಕೊಂಡಳು. ತೊಡೆಯ ಮೇಲೆ ಅವಳದೇ ಉಗುರು ನಟ್ಟು ಆದ ಗಾಯದ ಗುರುತು ಬಹಳ ದಿನ ಇತ್ತು.

ಕಿರ್ರ್. ಇನ್ನೊಂದು ಸ್ಕ್ರೂ.

ಆಮೇಲೆ ಏನೂ ಸದ್ದಿಲ್ಲ. ಬಹಳ ಹೊತ್ತು. ಅವನು ಏನು ಮಾಡುತ್ತಿದ್ದಾನೆ ಎಂದು ಅವಳಿಗೆ ಹೊಳೆಯಲಿಲ್ಲ.

ಟಣ್. ಟಣ್. ಟಣ್.

ಬಾನೆಟ್ಟು ಮೆಲ್ಲಗೆ ಇಳಿಯತೊಡಗಿತು. ಅದು ಪೂರ್ತಿ ಇಳಿದರೆ ಆಚೆ ನಿಂತವನ ಮುಖ ಕಾಣಬೇಕು. ಬ್ಯಾಟರಿ ಬಾಯಿಂದ ಈಚೆ ಬರಬೇಕು. ಬನಶಂಕರಿ ಕಣ್ಣು ತೆರೆದು ಮುಂದಕ್ಕೆ ಬಗ್ಗಿದಳು. ಅತ್ತೆ ಗೋಡೆ ಬಿಟ್ಟು ಒಂದು ಹೆಜ್ಜೆ ಇಟ್ಟಳು. ಬೆಳಕು ಕೆಳಗಿಳಿಯಿತು, ಹಲ್ಲಿನಿಂದ ಕೈಗೆ ಬಂದ ಹಾಗೆ. ಯಾರೋ ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಂಡರು...

ಕರೆಂಟು ಬಂತು.

ಇಡೀ ಬೀದಿಯ ಮಗ್ಗಗಳು ಒಟ್ಟಿಗೇ ಎದ್ದವು. ಟಕಟಕ, ಟಕಟಕ, ಟಕಟಕ. ಗೋಡೆ ನಡುಗಿತು, ನೆಲ ನಡುಗಿತು. ಶೆಡ್ಡಿನ ಬಲ್ಬು ಕಣ್ಣಿಗೆ ಹೊಡೆಯಿತು. ಬನಶಂಕರಿ ಕಣ್ಣುಜ್ಜಿಕೊಂಡು ನೋಡಿದಾಗ ಬಾನೆಟ್ಟಿನ ಆಚೆ ಗೋಡೆ ಮತ್ತು ಹಳೆಯ ಟಯರು ಮಾತ್ರ ಇದ್ದವು.

ಅಮ್ಮಯಮ್ಮ ಕಿಟಕಿಗೆ ಬಂದು ಕೂಗಿದಳು. ಮಗ್ಗದ ಸದ್ದಿನಲ್ಲಿ ಕೂಗಿದರೇ ಕೇಳಿಸುವುದು.

"ಏನಂದಾ? ಏನೋ ಅಂದ ಕಣೇ! ಏನಂದಾ?"

"ಕೇಳಿಸ್ಲಿಲ್ಲ ಅತ್ತೆ!"

"ಏನು?"

"ಕೇಳಿಸ್ಲಿಲ್ಲ..."

*

ಡಾಕ್ಟರಮ್ಮ ಚೀಲ ಹಿಡಿದು ಬಂದಾಗ ಬನಶಂಕರಿ ಕೀಲಿಕೈಯನ್ನು ಅವರ ಕೈಗಿಟ್ಟಳು. ಅವರು ಕುಳಿತು ತಿರುಗಿಸಿದರು. ಆ ಗದ್ದಲದಲ್ಲಿ ಇಂಜಿನ್ನಿನ ಸದ್ದು ಕೇಳಿಸುತ್ತಿರಲಿಲ್ಲ. ಪೆಡಲಿನಿಂದ ಪೂರ್ತಿ ಕಾಲು ತೆಗೆದು, ಸ್ಟೀರಿಂಗಿನ ಮೇಲೆ ಅಂಗೈ ಇಟ್ಟು ನೋಡಿದರು. ಏರಲಿಲ್ಲ, ಇಳಿಯಲಿಲ್ಲ. ನಿದ್ದೆಯಲ್ಲಿರುವ ಮಗುವಿನ ಎದೆಯಂತೆ ಒಂದೇ ಸಮ.

"ಯಾರಮ್ಮ ಸರಿ ಮಾಡಿದ್ದು?" ಎಂದು ಕೂಗಿದರು.

ಬನಶಂಕರಿ ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದಳು.

ಬಾನೆಟ್ಟು ಸರಿಯಾಗಿ ಕೂತಿಲ್ಲವೆಂದು ಡಾಕ್ಟರಮ್ಮನ ಕಣ್ಣಿಗೆ ಬಿತ್ತು. ಇಳಿಸಿದವನಿಗೆ ಅಂಗೈ ಊರಿ ಒತ್ತುವಷ್ಟು ಸಮಯ ಸಿಕ್ಕಿರಲಿಲ್ಲ. ಅವರು ಇಳಿದು ಅದನ್ನು ಎತ್ತಿದರು, ಮತ್ತೆ ಜೋರಾಗಿ ಬಿಡೋಣವೆಂದು. ಬಲ್ಬಿನ ಬೆಳಕಿನಲ್ಲಿ ಕಪ್ಪು ಡಬ್ಬಿಯ ಮೇಲೆ ಎರಡು ಕೆಂಪು ಚುಕ್ಕೆ ಕಂಡವು. ರಕ್ತವೇ ಎಂದು ಬೆರಳಿನಿಂದ ಮುಟ್ಟಿ ನೋಡಿದರು. ಡಾಕ್ಟರ ಬುದ್ಧಿ. ಬೆರಳಿಗೆ ಅಂಟಿತು. ಮೂಸಿದರು. ಬಿಳಿಯ ಕರವಸ್ತ್ರಕ್ಕೆ ಒರೆಸಿಕೊಂಡು, ಬಾನೆಟ್ಟು ಬಡಿದು, ಅಮ್ಮಯಮ್ಮನನ್ನು ಹತ್ತಿಸಿಕೊಂಡು ಹೊರಟರು.

ದಾರಿಯಲ್ಲಿ ಕಾರು ಒಂದು ಸಲವೂ ಆರಲಿಲ್ಲ. ಬೆಳಕು ಹರಿಯುವ ಮೊದಲು ಕುಂದಾಣದಲ್ಲಿ ಗಂಡು ಮಗು ಅತ್ತಿತು. ತಾಯಿ ಉಳಿದಳು. ಮಗುವಿಗೆ ಏನು ಹೆಸರಿಟ್ಟರೆಂದು ಹೇಳಬೇಕಾಗಿಲ್ಲ.

ಬನಶಂಕರಿ ಮಾತ್ರ ಆ ಬೇಸಿಗೆಯೆಲ್ಲ, ಕರೆಂಟು ಹೋದಾಗಲೆಲ್ಲ, ಖಾಲಿ ಗ್ಯಾರೇಜಿಗೆ ಬಂದು ನೆಲದ ಮೇಲೆ ಕೂರುತ್ತಿದ್ದಳು. ಕಾರು ನಿಂತಿದ್ದ ಜಾಗದಲ್ಲಿ. ಬಲಗಾಲು ಮುಂದಕ್ಕೆ ಚಾಚಿ. ಊರು ಗಪ್ಪೆನ್ನುತ್ತಿತ್ತು. ಎಲೆ ಬಿದ್ದರೂ ಕೇಳಿಸುತ್ತಿತ್ತು. ಅವಳಿಗೆ ಬೇಕಾದದ್ದು ಕೇಳಿಸಲಿಲ್ಲ.

ಅವನು ಏನೆಂದಿರಬಹುದು ಎಂಬುದು ಅತ್ತೆ ಸೊಸೆಗೆ ಮುಗಿಯದ ಮಾತಾಯಿತು. ಮುದುಕಿ "ಅಮ್ಮಾ ಅಂದ" ಎನ್ನುತ್ತಿದ್ದಳು. ಬನಶಂಕರಿ "ಊಟಕ್ಕೆ ಬಡ್ಸು ಅಂದಿರ್ತಾರೆ ಬಿಡಿ ಅತ್ತೆ, ಇನ್ನೇನಂತಾರೆ" ಎನ್ನುತ್ತಿದ್ದಳು. ಹಾಗೆಂದು ಎದ್ದು ಒಳಗೆ ಹೋಗುತ್ತಿದ್ದಳು.

ಡಾಕ್ಟರ್ ಲಕ್ಷ್ಮೀದೇವಮ್ಮನವರು ದೆವ್ವ ಭೂತ ನಂಬುವವರಲ್ಲ. ಇದನ್ನು ಯಾರಾದರೂ ಎತ್ತಿದರೆ ಮಾತು ಬದಲಾಯಿಸುತ್ತಾರೆ. ಆದರೆ ಆ ಕರವಸ್ತ್ರವನ್ನು ಅವರು ಎಸೆದಿಲ್ಲ, ಬೀರುವಿನಲ್ಲಿ ಮಡಿಸಿಟ್ಟಿದ್ದಾರೆ. ಬೇಕಾದವರು ಹೋಗಿ ಕೇಳಿ ನೋಡಬಹುದು. ಮೂಲೆಯಲ್ಲಿ ಕಡುಗೆಂಪು ಕಲೆ ಇದೆ. ಒಗೆದರೂ ಹೋಗಲಿಲ್ಲ. ಉಗುರುಬಣ್ಣ ಒಣಗಲು ಎಷ್ಟು ಹೊತ್ತು ಬೇಕೆಂದು ಹೆಂಗಸರಿಗೆಲ್ಲ ಗೊತ್ತು.

ಆ ರಾತ್ರಿ ಅದು ಹಸಿಯಾಗಿತ್ತು. ಸೀಸೆ ಬಾವಿಯಲ್ಲಿತ್ತು.